ಕಿವಿ ಪರದಾದೊಳಗಿಂದ ಇಂಜೆಕ್ಷನ್ ಅಂದಾರ, ಅಪ್ಪ ಒಲ್ಲೆ ಅನ್ಲತ್ಯಾರ, ಯಾರಾದ್ರೂ ಮಾಡಿಸ್ಕೊಂಡಿರೇನು?

ಆಳಂದ ನಾಕಾ:
ಎಲ್ರಿಗೂ ನಮಸ್ಕಾರ್ರಿ, ಕಲಬುರಗಿಯಿಂದ ಬರಿಲತ್ತೀನಿ. ನಮ್ಮಪ್ಪಗ 58 ವರ್ಷ, ಶುಗರ್ ಅದ. ಇವತ್ತಿಗಿ ಒಂಬತ್ತು ದಿನ ಆಯ್ತು, ಮುಂಜಾನಿ ಎದ್ದಾಗ ಎಡಗಿವಿ ಪೂರಾ ಬಂದ್, ಫೋನ್ ಆ ಕಡಿ ಹಿಡದ್ರ ಏನೂ ಕೇಳಸಲ್ದು, ಒಳಗ ಒಂದೇ ಸವನ ಗುಂಯ್ ಅಂತ ಸಪ್ಪಳ. ಮೊದ್ಲು ತೋರ್ಸಿದಲ್ಲಿ ಕಿವಿ ಒಳಗ ನೋಡ್ಲಾರ್ದೇ ಹೊಲಸು ಕಟ್ಟ್ಯಾದ ಅಂತ ಡ್ರಾಪ್ಸ್ ಕೊಟ್ರು, ಐದು ದಿನ ಅದನ್ನೇ ಹಾಕ್ಕೋತ ಕುಂತ್ವಿ. ಈಗ ಇಎನ್‌ಟಿ ಡಾಕ್ಟ್ರು ಆಡಿಯೋಗ್ರಾಮ್ ಅಂತ ಕೇಳೋ ಟೆಸ್ಟ್ ಮಾಡ್ಸಿ ಇದು ಒಳಗಿವಿದು, ಸ್ಟೆರಾಯ್ಡ್ ಬೇಕು, ಗುಳಗಿ ಕೊಟ್ರ ಶುಗರ್ ಮತ್ತ ಏರ್ತದ, ಈಗೇ 280 ಅದ, ಅದಕ್ಕ ಪರದಾದೊಳಗಿಂದ ಇಂಜೆಕ್ಷನ್ ಹಾಕ್ತೀನಿ, ವಾರಕ್ಕ ಎರಡರಂಗ ನಾಕು ಅಂದಾರ. ನಮ್ಮ ಸೋದರತ್ತಿ ಪರದಾ ತೂತು ಮಾಡಿದ್ರ ಇದ್ದಷ್ಟೂ ಹೋಗ್ತದ ಅಂತ ಹೆದರಿಸ್ಯಾರ, ಅಪ್ಪ ಒಲ್ಲೆ ಅಂತ ಕುಂತಾರ. ನಾನೊಬ್ಬಾಕಿನೇ ಮಗಳು, ಏನ್ ಮಾಡ್ಬೇಕು ತಿಳಿವಲ್ದು. ತೂತು ಹಂಗೇ ಉಳಿತದೇನ್ರಿ? ಪರದಾದ ಹಿಂದಿನ ನಡುಗಿವಿಗಿ ಹಾಕಿದ ಔಷಧ ಒಳಗಿವಿಗಿ ಹ್ಯಾಂಗ್ ಹೋಗ್ತದ? ಹೈದರಾಬಾದಿಗಿ ಕರ್ಕೊಂಡು ಹೋಗ್ಲೇನು?

ಹುಮನಾಬಾದ್‌ ಕಾಕಾ:
ತಂಗೀ, ಹೈದರಾಬಾದ್ ಅಂತ ಇನ್ನೆರಡು ದಿನ ಕಳಿಬ್ಯಾಡ್ರಿ, ಆಗ್ಲೇ ಒಂಬತ್ತು ದಿನ ಹೋಗ್ಯಾವ. ನನಗ ಎರಡು ವರ್ಷದ ಹಿಂದ ಬಲಗಿವಿಗಿ ಇದೇ ಆಗಿತ್ತು. ಟೇಬಲ್ ಮ್ಯಾಲ ಮಗ್ಗಲಾಗಿ ಮಲಗ್ಸಿ ಪರದಾಕ್ಕ ಜೋಮು ಹಿಡಸೋ ಔಷಧದಾಗ ಅದ್ದಿದ ಅರಳಿ ಇಟ್ರು, ಕಾಲು ತಾಸು ಬಿಟ್ಟು ತಗದ್ರು. ಡಾಕ್ಟ್ರು ಔಷಧದ ಸಣ್ಣ ಸೀಸೆ ಅಷ್ಟೊತ್ತು ಮುಷ್ಟಿಯೊಳಗೇ ಹಿಡ್ಕೊಂಡಿದ್ರು, ಯಾಕ್ರಿ ಅಂದೆ, ತಣ್ಣಗಿದ್ದದ್ದು ಹಾಕಿದ್ರ ತಲಿ ತಿರುಗಿ ಬೀಳ್ತೀರಿ, ಮೈ ಬಿಸಿಗಿ ಬರ್ಬೇಕು ಅಂದ್ರು. ಆಮ್ಯಾಲ ಮೈಕ್ರೋಸ್ಕೋಪ್‌ನಾಗ ನೋಡ್ಕೋತ ಉದ್ದನ್ನ ಸೂಜಿಲೆ ಚುಚ್ಚಿದ್ರು, ಟಪ್ ಅಂತ ಸಪ್ಪಳ ಆಯ್ತು, ಒಂದ್ ಕ್ಷಣ ಉರಿ, ಕಿವಿ ತುಂಬಿದಂಗ ಆಯ್ತು, ಅಷ್ಟೇ. ತ್ರಾಸು ಆಗಿದ್ದು ಅದರ ಮುಂದಿಂದು, ಅರ್ಧ ತಾಸು ಕಿವಿ ಮ್ಯಾಲ ಮಾಡ್ಕೊಂಡು ಮಲಗ್ಬೇಕು, ಮಾತಾಡಂಗಿಲ್ಲ, ಉಗುಳು ನುಂಗಂಗಿಲ್ಲ. ಬಾಯಿ ಹತ್ರ ಟವೆಲ್ ಇಟ್ರು. ನಾ ಮರತು ಒಮ್ಮಿ ನುಂಗಿದೆ, ಗಂಟಲದಾಗ ಕಹಿ ಬಂತು, ಅಂದ್ರ ಔಷಧ ಅಲ್ಲಿಗೇ ಇಳಿತು! ಮೊದ್ಲು ಕೇಳಸ್ಲಕ್ಕ 75 ಡೆಸಿಬಲ್ ಸಪ್ಪಳ ಬೇಕಿತ್ತು, ನಾಕು ಆದ್ಮ್ಯಾಲ ಅದು 40ಕ್ಕ ಇಳಿತು. ಪೂರ್ತಿ ಬಂದಿಲ್ಲ, ಗುಂಯ್ ಅನ್ನೋದು ರಾತ್ರಿ ಇನ್ನೂ ಕೇಳಸ್ತದ. ಆದ್ರ ಬಲಗಡಿ ಕುಂತ ಮೊಮ್ಮಗಳ ಮಾತು ಈಗ ತಿಳಿತದ, ನನಗ ಅದೇ ಭಾಳ ಆತು.

ಯಾದಗಿರಿ ಆಡಿಯಾಲಜಿ:
ನಾ ಕಿವಿ ಟೆಸ್ಟ್ ಮಾಡೋ ಕೆಲಸದಾಗ ಇದ್ದೀನ್ರಿ. ಕಾಕಾ ಹೇಳಿದ್ದು ಖರೇ ಅದ, ಉಗುಳಿನ ಮಾತೂ ಅದಕ್ಕೇ. ನಡುಗಿವಿಯಿಂದ ಮೂಗಿನ ಹಿಂದಕ್ಕ ಒಂದು ನಳಿ ಇರ್ತದ, ನುಂಗಿದಾಗೊಮ್ಮಿ ಅದರ ಬಾಯಿ ತೆರಿತದ, ಹಾಕಿದ ಔಷಧನೇ ಸುಮಾರು ಅರ್ಧ ಎಂಎಲ್, ಅದರಾಗಿಂದು ಆ ದಾರಿ ಹಿಡದು ಗಂಟಲಕ್ಕ ಹೋಗ್ತದ. ಒಳಗಿವಿ ಎಲುಬಿನೊಳಗ ಮುಚ್ಚಿಟ್ಟಂಗ ಅದ, ಮಿದುಳಿಗಿ ಇರೋಹಂಗ ಅಲ್ಲಿ ರಕ್ತನಾಳಕ್ಕೂ ಒಂದು ಕಾವಲು ಅದ, ಅದಕ್ಕೇ ಗುಳಗಿ ನುಂಗಿದ್ರ ಅಲ್ಲಿತನ ಮುಟ್ಟೋದು ಸ್ವಲ್ಪೇ. ನಡುಗಿವಿ ಕಡಿಂದ ಮಾತ್ರ ಎರಡು ಕಿಟಕಿ ಅವ, ಒಂದಕ್ಕ ರಿಕಾಪು ಅನ್ನೋ ಸಣ್ಣ ಎಲುಬು ಕುಂತಿರ್ತದ, ಇನ್ನೊಂದು ದುಂಡನ್ನ ಕಿಟಕಿ, ಅದಕ್ಕ ಬರೇ ತೆಳ್ಳನ್ನ ಪೊರಿ, ಸುಮಾರು 0.07 ಮಿಮೀ. ಔಷಧ ಅದರ ಮ್ಯಾಲ ನಿಂತ್ರ ಮೆಲ್ಲಕ ಒಳಗ ಇಂಗ್ತದ, ಅದಕ್ಕೇ ಅಷ್ಟೊತ್ತು ಮಲಗ್ಸೋದು.

ಇದೇನು ಕಡಿಮಿ ದರ್ಜೆದ ಚಿಕಿತ್ಸೆ ಅಲ್ರಿ. 2011ರಾಗ ಅಮೆರಿಕದಾಗ 250 ಮಂದಿ ಮ್ಯಾಲ ಗುಳಗಿ ಮತ್ತ ಈ ಇಂಜೆಕ್ಷನ್ ಹೋಲಿಸಿ ನೋಡ್ಯಾರ, ಎರಡು ತಿಂಗಳಿಗಿ ಗುಳಗಿದವರಿಗಿ ಸರಾಸರಿ 30.7 ಡೆಸಿಬಲ್ ಸುಧಾರಿಸಿತ್ತು, ಇಂಜೆಕ್ಷನ್‌ದವರಿಗಿ 28.7, ಅಂದ್ರ ಸರಿಸಮ. ಶುಗರ್ ಇದ್ದವರಿಗಿ ಇದೇ ಚೊಲೊ ದಾರಿ. ತೂತು ಸೂಜಿಮೊನಿಯಷ್ಟೇ, ಹೆಚ್ಚಿನವರಿಗಿ ತಾನೇ ಕೂಡ್ಕೋತದ, ಅಲ್ಲೊಬ್ಬರು ಇಲ್ಲೊಬ್ಬರಿಗಿ ಉಳಿತದ, ಉಳದ್ರೂ ಅದನ್ನ ಮುಚ್ಚಬಹುದು. ಮೊದಲ ಎರಡು ವಾರದೊಳಗ ಶುರು ಮಾಡೋದೇ ಚೊಲೊ, ಆಮ್ಯಾಲ ಆರು ವಾರದ ತನಕ ಹಾಕ್ತಾರ, ಆದ್ರ ತಡ ಆದಷ್ಟು ಆಶಾ ಕಡಿಮಿ. ಜಳಕ ಮಾಡುವಾಗ ಅರಳಿಗಿ ವ್ಯಾಸಲಿನ್ ಹಚ್ಚಿ ಕಿವಿ ಮುಚ್ಚ್ರಿ. ಬಳ್ಳೊಳ್ಳಿ ಎಣ್ಣಿ ಕಾಸಿ ಹಾಕೋರು ನಮ್ಮ ಕಡಿ ಭಾಳ, ಕೈ ಮುಗದು ಹೇಳ್ತೀನಿ, ಪರದಾ ಚುಚ್ಚಿದ ಕಿವಿಗಿ ಅದು ಬ್ಯಾಡೇ ಬ್ಯಾಡ. ಎಂಆರ್‌ಐ ಬೇಕೇನು ಅಂತನೂ ಕೇಳ್ರಿ, ಅಪರೂಪಕ್ಕ ನರದ ಮ್ಯಾಲ ಗಂಟು ಇದ್ರೂ ಹಿಂಗೇ ಆಗ್ತದ.

ಬೀದರ್ ಓಣಿ:
ನಿಮ್ಮ ಅತ್ತಿಯವರು ಹೆದರೋದಕ್ಕೂ ಕಾರಣ ಇರ್ಬಹುದು ಅಕ್ಕಾ. ನಮ್ಮವ್ವಗ ಮೆನಿಯರ್ಸ್ ರೋಗ, ತಲಿ ತಿರುಗಿ ಅಡಗಿ ಮನ್ಯಾಗೇ ಬೀಳ್ತಿದ್ಳು, ಆಕಿಗಿ ಇದೇ ದಾರಿಲೆ ಜೆಂಟಾಮೈಸಿನ್ ಹಾಕಿದ್ರು. ಅದು ಬ್ಯಾರೆನೇ, ಸಮತೋಲದ ಭಾಗನೇ ಮಂದ ಮಾಡೋ ಔಷಧ, ಕೇಳೋದೂ ಕಡಿಮಿ ಆಗಬಹುದು ಅಂತ ಮೊದ್ಲೇ ಹೇಳಿ ಸಹಿ ತಗೊಂಡಿದ್ರು. ನಿಮ್ಮಪ್ಪಗ ಹಾಕೋದು ಸ್ಟೆರಾಯ್ಡ್, ಡೆಕ್ಸಾಮೆಥಾಸೋನೋ ಮಿಥೈಲ್ ಪ್ರೆಡ್ನಿಸೊಲೋನೋ, ಔಷಧದ ಹೆಸರು ಕೇಳಿ ಬರ್ಕೊಳ್ರಿ, ಅತ್ತಿಗಿ ತೋರ್ಸಲಕ್ಕೂ ಬರ್ತದ.

ಆಳಂದ ನಾಕಾ:
ಎಲ್ರಿಗೂ ಶರಣ್ರಿ. ನಿಮ್ಮ ಬರಹ ಎಲ್ಲಾ ಅಪ್ಪನ ಬಲಗಿವಿ ಹತ್ರ ಕುಂತು ಓದಿ ಹೇಳ್ದೆ, ಕಾಕಾನ ಮೊಮ್ಮಗಳ ಮಾತು ಬಂದಾಗ ಸುಮ್ನಾಗಿ, ನಡಿ ಅಂದ್ರು. ಇವತ್ತ ಮಧ್ಯಾಹ್ನ ಇಲ್ಲೇ ಕಲಬುರಗ್ಯಾಗೇ ಮೊದಲಿಂದು ಆಯ್ತು, ಡೆಕ್ಸಾಮೆಥಾಸೋನ್. ಅರ್ಧ ತಾಸು ಗೋಡಿ ಗಡಿಯಾರ ನೋಡ್ಕೋತ ಟವೆಲ್ ಕಚ್ಚಿಕೊಂಡು ಮಲಗಿದ್ರು, ಒಮ್ಮೂ ನುಂಗಲಿಲ್ಲ, ನಡುವ ಕೈ ಸನ್ನಿಲೇ ತೊಗರಿಗಿ ಎಣ್ಣಿ ಹೊಡದ್ರೇನು ಅಂತ ಕೇಳಿದ್ರು. ಎದ್ದಾಗ ಎರಡು ನಿಮಿಷ ತಲಿ ಹಗುರ ಆಗಿತ್ತು, ಆಮ್ಯಾಲ ತಾವೇ ನಡ್ಕೋತ ಆಟೋಕ್ಕ ಬಂದ್ರು. ಎರಡನೇದು ಶುಕ್ರವಾರ ಅದ, ನಾಕೂ ಮುಗದು ಆಡಿಯೋಗ್ರಾಮ್ ಬಂದ್ಮ್ಯಾಲ ಏನಾಯ್ತು ಅಂತ ಇಲ್ಲೇ ಬರಿತೀನಿ.