ಅಪ್‌ಡೇಟ್: ಕೊಕ್ಕರೆ ಬೆಳ್ಳೂರಿನ ಸಮೀಕ್ಷೆಗೆ ಅನುದಾನ ಸಿಕ್ಕಿತು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳ ಸಂರಕ್ಷಣೆ ಎಷ್ಟು ಫಲ ಕೊಟ್ಟಿದೆ ಎಂದು ಅಳೆಯಬೇಕು, ಅದಕ್ಕೆ ಅನುದಾನದ ಅರ್ಜಿ ಹೇಗೆ ಬರೆಯಲಿ ಎಂದು ಕೇಳಿದ್ದೆ. ಅರ್ಜಿ ಒಪ್ಪಿಗೆಯಾಗಿದೆ, ಮೊದಲ ಕಂತೂ ಬಂದಿದೆ. ತುಂಬಾ ಖುಷಿಯಾಗಿದೆ.

ಸುಮ್ನೆ ಹಕ್ಕಿ ಎಣಿಸಿದರೆ ಸಾಲದು ಎಂದು ನಿಮ್ಮಲ್ಲಿ ಹಲವರು ಹೇಳಿದ್ದಿರಿ. ಅದೇ ಕೈ ಹಿಡಿಯಿತು. ಇಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಊರೊಳಗಿನ ಮರಗಳಲ್ಲಿ. ಹುಣಸೆ ಮರಗಳು ಜನರವು. ಗೂಡಿರುವ ಮರದ ಹಣ್ಣು ಬಿಟ್ಟುಕೊಡುವವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. ಆ ಹಣ ಸಾಕಾಗುತ್ತಿದೆಯೇ? ಹಳೆಯ ಮರ ಬಿದ್ದ ಕಡೆ ಹೊಸದು ಬೆಳೆಯುತ್ತಿದೆಯೇ? ಶಿಂಷಾ ಹೊಳೆಯಲ್ಲಿ, ಸುತ್ತಲಿನ ಕೆರೆಗಳಲ್ಲಿ ಮರಿಗಳಿಗೆ ಬೇಕಾದಷ್ಟು ಮೀನಿದೆಯೇ? ಗೂಡಿನ ಎಣಿಕೆಯ ಜೊತೆ ಇವನ್ನೂ ನೋಡುತ್ತೇವೆ. ಊರಿನವರನ್ನು ಕೇಳದೆ ಇಲ್ಲಿ ಏನನ್ನು ಅಳೆಯೋದು, ಅಲ್ವಾ?

2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು, ಅಂದರೆ ಊರಿನವರೇ ಸೇರಿ ವನ್ಯಜೀವಿಗಳನ್ನು ಕಾಪಾಡುವ ಜಾಗ. ಅದಕ್ಕೂ ಹಿಂದಿನ ಎಣಿಕೆ ಸಿಕ್ಕರೆ ಮಾತ್ರ ಹೋಲಿಕೆಗೆ ಬೆಲೆ. ಬಜೆಟ್‌ನಲ್ಲಿ ಜಾಸ್ತಿ ಪಾಲು ಎಣಿಕೆ ಮಾಡುವ ಊರಿನ ಹುಡುಗ ಹುಡುಗಿಯರ ಕೂಲಿಗೇ ಇಟ್ಟಿದ್ದೇವೆ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ವರದಿ ಕನ್ನಡದಲ್ಲೇ ಹೋಗುತ್ತದೆ.

ಯಾರ ಬಳಿಯಾದರೂ 2007ಕ್ಕಿಂತ ಹಿಂದಿನ ಗೂಡಿನ ಲೆಕ್ಕ, ಫೋಟೊ ಇದ್ದರೆ ದಯವಿಟ್ಟು ತಿಳಿಸಿ.