ದೊಡ್ಡವರಿಗೆ, ಹರೆಯದವರಿಗೆ ಹೇಗೆ ಕಲಿಸೋದು? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಶಿಕ್ಷಕರಿಗೆ ತರಬೇತಿ ಕೊಟ್ಟು ನಿವೃತ್ತರಾದ ನಮ್ಮ ಮೇಷ್ಟ್ರು ಇವತ್ತು ಸಂಜೆವರೆಗೆ ಇರ್ತಾರೆ. ಹೈಸ್ಕೂಲ್, ಪಿಯು ಮಕ್ಕಳು, ವಯಸ್ಕರ ಕಲಿಕೆ ಬಗ್ಗೆ ಮಾತ್ರ ಕೇಳಿ. ಶುಭೋದಯದ ಚಿತ್ರ ಬೇಡ.

ಹರಿಹರದ ಪೋಷಕ: ಸರ್, ಮಗಳು ಒಂಬತ್ತನೇ ಕ್ಲಾಸು. ಬೆರಳಚ್ಚು ತಗೊಂಡು, ಮಗು ನೋಡಿ ಕಲಿಯುತ್ತೋ ಕೇಳಿ ಕಲಿಯುತ್ತೋ ಅಂತ ಹೇಳೋ ಟೆಸ್ಟ್ ಇದೆಯಂತೆ, ಡಿಎಂಐಟಿ ಅಂತ. ಮಾಡಿಸಲಾ?

ಮೇಷ್ಟ್ರು: ಬೇಡ. ಬೆರಳ ಗೆರೆಯಿಂದ ಕಲಿಕೆ ತಿಳಿಯುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಆ ‘ನೋಡಿ ಕಲಿಯೋರು, ಕೇಳಿ ಕಲಿಯೋರು’ ವಿಂಗಡಣೆಯೇ ಗಟ್ಟಿ ಇಲ್ಲ. ಮನಶ್ಶಾಸ್ತ್ರಜ್ಞ ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲಿ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಹೆಚ್ಚು ಕಲೀತಾರೆ ಅನ್ನೋಕೆ ಸಾಕಷ್ಟು ಆಧಾರ ಸಿಗಲಿಲ್ಲ. ಭೂಪಟವನ್ನ ಯಾರಾದರೂ ನೋಡಿಯೇ ಕಲೀಬೇಕು, ರಾಗವನ್ನ ಕೇಳಿಯೇ ಕಲೀಬೇಕು. ಆ ದುಡ್ಡಲ್ಲಿ ಒಂದು ಒಳ್ಳೆ ಅಟ್ಲಾಸ್ ತಂದುಕೊಡಿ.

ಚಳ್ಳಕೆರೆ ಮಿತ್ರ: (ಫಾರ್ವರ್ಡ್) ನಾವು ಓದಿದ್ದರಲ್ಲಿ 10%, ಕೇಳಿದ್ದರಲ್ಲಿ 20%, ಮಾಡಿದ್ದರಲ್ಲಿ 90% ನೆನಪಿರುತ್ತೆ! ಎಲ್ಲ ಶಿಕ್ಷಕರಿಗೂ ಕಳಿಸಿ 🙏

ಮೇಷ್ಟ್ರು: ದಯವಿಟ್ಟು ಕಳಿಸಬೇಡಿ. ಈ ಅಂಕಿಗಳನ್ನ ಶಿಕ್ಷಣ ತಜ್ಞ ಎಡ್ಗರ್ ಡೇಲ್ ಹೆಸರಲ್ಲಿ ಹಂಚ್ತಾರೆ, ಆದರೆ ಕಲಿಕೆಯ ಅನುಭವಗಳನ್ನ ಜೋಡಿಸಿ ಅವರು 1946ರಲ್ಲಿ ಬರೆದ ಶಂಕುವಿನ ಚಿತ್ರದಲ್ಲಿ ಒಂದೂ ಶೇಕಡಾ ಇರಲಿಲ್ಲ. ಆಮೇಲೆ ಯಾರೋ ಅಂಟಿಸಿದ್ದು. ಇಷ್ಟು ಗುಂಡಾದ ಅಂಕಿಗಳನ್ನ ಕಂಡಾಗಲೇ ಅನುಮಾನ ಬರಬೇಕಿತ್ತು.

ಸಂಜೆ ತರಗತಿ ಅಕ್ಕ, ದಾವಣಗೆರೆ: ನಮ್ಮ ಓಣಿಯ ಸಂಜೆ ತರಗತೀಲಿ ತಾಯಿ-ಮಗ ಇಬ್ರೂ ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟೋಕೆ ಓದ್ತಿದಾರೆ. ತಾಯಿಗೆ 43, ಏಳನೇ ಕ್ಲಾಸಿಗೆ ಬಿಟ್ಟೋರು. ಸ್ತ್ರೀಶಕ್ತಿ ಸಂಘದ ಲೆಕ್ಕ ಬಾಯಲ್ಲೇ ಹೇಳ್ತಾರೆ, ಪುಸ್ತಕ ಕೊಟ್ರೆ ದೂರ ಹಿಡಿದು, ತಲೆನೋವು ಅಂತ ಮುಚ್ಚಿಡ್ತಾರೆ. ಮಗನಿಗೆ 15. ಅಮ್ಮನ ಮುಂದೆ ಗಟ್ಟಿಯಾಗಿ ಓದು ಅಂದ್ರೆ ಬಾಯೇ ಬಿಡಲ್ಲ, ಏಳೂವರೆಗೆಲ್ಲ ತೂಕಡಿಕೆ. ಮಂಡಕ್ಕಿ ಭಟ್ಟಿಗೆ ಹೋಗ್ತಾನೆ. ಇಬ್ರಿಗೂ ಒಂದೇ ಮಾದರಿ ನಡೆಯುತ್ತಾ?

ಮೇಷ್ಟ್ರು: ಅಕ್ಕ, ಮಾದರಿ ಆಮೇಲೆ. ಆ ತಾಯಿಗೆ ಚಾಳೀಸು ಬಂದಿದೆ ಅನ್ಸುತ್ತೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗೋದು ಎಲ್ಲರಿಗೂ ಇದ್ದದ್ದೇ. ಚಿಗಟೇರಿ ಆಸ್ಪತ್ರೇಲಿ ಕಣ್ಣು ತೋರಿಸಿ. ವಯಸ್ಕರ ತರಗತೀಲಿ ‘ತಲೆಗೆ ಹತ್ತಲ್ಲ’ ಅನ್ನಿಸಿಕೊಂಡು ಬಿಟ್ಟು ಹೋದವರಲ್ಲಿ ಕನ್ನಡಕ ಸಿಕ್ಕಿದ್ದರೆ ಉಳೀತಿದ್ದವರು ಇದ್ದಾರೆ.

ಆಮೇಲೆ ಪಾಠ. ವಯಸ್ಕರು ‘ಇದು ಯಾಕೆ’ ಅಂತ ತಿಳಿಯದೆ ಮುಂದೆ ಹೋಗಲ್ಲ, ಅವರ ಅನುಭವವೇ ಬಂಡವಾಳ ಅಂತ ವಯಸ್ಕರ ಶಿಕ್ಷಣದ ತಜ್ಞ ಮಾಲ್ಕಮ್ ನೋಲ್ಸ್ ಹೇಳಿದ್ದು ಇಂಥವರನ್ನ ನೋಡಿಯೇ. ಸರಳ ಬಡ್ಡಿಯ ಸೂತ್ರದಿಂದ ಶುರು ಮಾಡಬೇಡಿ. ಸಂಘದಲ್ಲಿ ₹10,000 ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ವರ್ಷಕ್ಕೆಷ್ಟು ಅಂತ ಕೇಳಿ. ₹2,400 ಅಂತ ಪಟ್ ಅಂತ ಹೇಳ್ತಾರೆ. ಈಗ ‘ಇದಕ್ಕೇ ಪುಸ್ತಕದವರು ವರ್ಷಕ್ಕೆ ಶೇ. 24 ಅಂತ ಬರೀತಾರೆ’ ಅಂತ ತೋರಿಸಿ, ಅಲ್ಲಿಂದ ಸೂತ್ರಕ್ಕೆ ಹೋಗಿ. ಆದರೆ ಬೀಜಗಣಿತ ಅವರಿಗೂ ಹೊಸದು. ಅಲ್ಲಿ ‘ನೀವೇ ಕಂಡುಕೊಳ್ಳಿ’ ಅಂತ ಬಿಡಬೇಡಿ. ಪೂರ್ತಿ ಬಿಡಿಸಿದ ಲೆಕ್ಕ ಒಂದು, ಅರ್ಧ ಬಿಡಿಸಿದ್ದು ಒಂದು, ಆಮೇಲೆ ಖಾಲಿ ಹಾಳೆ.

ಹುಡುಗನ ಮಾತೇ ಬೇರೆ. ಅವನಿಗೆ ಬರಲ್ಲ ಅಂತ ಅಲ್ಲ, ಬರಲ್ಲ ಅನ್ನೋದು ಅಮ್ಮನಿಗೂ ಓರಗೆಯವರಿಗೂ ಕಾಣುತ್ತೆ ಅಂತ. ಇಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ. ಗಟ್ಟಿ ಓದು ನಿಲ್ಲಿಸಿ. ಪಾಠ ಒಮ್ಮೆ ಓದಲಿ, ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀಲಿ, ನೀವೊಬ್ಬರೇ ನೋಡಿ. ರೋಡಿಗರ್, ಕಾರ್ಪಿಕಿ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನ ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ, ವಾರದ ನಂತರ ಕೇಳಿದರೆ ನೆನಪಿಸಿಕೊಂಡು ಬರೆದವರು ಮುಂದೆ.

ನನಗೆ ಚಿಂತೆ ಆ ತೂಕಡಿಕೆಯದ್ದು. ಭಟ್ಟಿಗೆ ಎಷ್ಟು ಹೊತ್ತಿಗೆ ಹೋಗ್ತಾನೆ?

ಜಗಳೂರಿನ ತಾಯಿ: ಸರ್, ಡಿಎಂಐಟಿ ಟೆಸ್ಟ್ ಒಳ್ಳೇದಾ?

ಮೇಷ್ಟ್ರು: ಮೇಲೆ ಓದಿ.

ಬಿಇಡಿ ವಿದ್ಯಾರ್ಥಿ, ಚಿತ್ರದುರ್ಗ: ಸರ್, ನೋಲ್ಸ್ ಪ್ರಕಾರ ಪೆಡಗಾಜಿ (ಶಿಕ್ಷಕರು ಹೇಳಿಕೊಡೋ ವಿಧಾನ) ಮಕ್ಕಳಿಗೆ, ಆಂಡ್ರಗಾಜಿ (ಕಲಿಯೋರೇ ಮುಂದಾಗೋ ವಿಧಾನ) ವಯಸ್ಕರಿಗೆ. ನೀವು ವಯಸ್ಕರಿಗೂ ಬಿಡಿಸಿ ತೋರಿಸಿ ಅಂತೀರಿ. ಸಿದ್ಧಾಂತಕ್ಕೆ ವಿರುದ್ಧ ಅಲ್ವಾ?

ಮೇಷ್ಟ್ರು: ನೋಲ್ಸ್ 1970ರ ಪುಸ್ತಕದಲ್ಲಿ ಎರಡನ್ನೂ ಎದುರುಬದುರು ನಿಲ್ಲಿಸಿದ್ದು ನಿಜ. ಅದೇ ಪುಸ್ತಕದ 1980ರ ಪರಿಷ್ಕರಣೆಯಲ್ಲಿ ಅವರೇ ಅದನ್ನ ಸಡಿಲಿಸಿ, ಇವು ಒಂದೇ ದಾರಿಯ ಎರಡು ತುದಿ ಅಂದರು. ನಿಮ್ಮ ನೋಟ್ಸ್ 1970ಕ್ಕೇ ನಿಂತಿದೆ.

ಹೊಳಲ್ಕೆರೆ ನಿವೃತ್ತ ಶಿಕ್ಷಕ: ನಮ್ಮ ಕಾಲದಲ್ಲಿ ಬೆತ್ತ ಒಂದೇ ಮಾದರಿ. ಅದರಲ್ಲೇ ಎಷ್ಟು ಜನ ಇಂಜಿನಿಯರ್ ಆಗಲಿಲ್ಲ?

ಬಿಇಡಿ ವಿದ್ಯಾರ್ಥಿ, ಚಿತ್ರದುರ್ಗ: ಆದವರು ಕಾಣ್ತಾರೆ ಸರ್. ಏಟು ತಿಂದು ಶಾಲೆ ಬಿಟ್ಟವರು ಈ ಗುಂಪಲ್ಲಿ ಇಲ್ಲ.

ಹೊಳಲ್ಕೆರೆ ನಿವೃತ್ತ ಶಿಕ್ಷಕ: ಇನ್ನೂ ಒಂದು ದಿನ ಕ್ಲಾಸ್ ತಗೊಂಡಿಲ್ಲ, ಉಪದೇಶ ಬೇರೆ.

ಹರಿಹರದ ಪೋಷಕ: ನನ್ನ ಮಗಳ ಮೈ ಮುಟ್ಟಿದರೆ ಕಂಪ್ಲೇಂಟೇ ಕೊಡ್ತೀನಿ. ಕಾಲ ಬದಲಾಗಿದೆ ಹೊಳಲ್ಕೆರೆ ಮೇಷ್ಟ್ರೇ.

ಹೊಳಲ್ಕೆರೆ ನಿವೃತ್ತ ಶಿಕ್ಷಕ: ಬೆರಳಚ್ಚು ಟೆಸ್ಟ್ ಮಾಡಿಸೋಕೆ ಹೊರಟವರು ನಮಗೆ ಹೇಳಿಕೊಡ್ತೀರಾ?

ಅಡ್ಮಿನ್: ವೈಯಕ್ತಿಕ ಬೇಡ. ಇಬ್ಬರಿಗೂ ಹೇಳ್ತಿದೀನಿ.

ಮೇಷ್ಟ್ರು: ಬೆತ್ತದ ಮಾತು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್‌ನಲ್ಲೇ ಮುಗಿದಿದೆ. ಇಲ್ಲಿ ಮತ್ತೆ ಎಳೀಬೇಡಿ.

ಹಿರಿಯೂರು ಕೋಚಿಂಗ್: ಪಿಯು ಮಕ್ಕಳಿಗೆ ವಿಡಿಯೋ ಮನೇಲಿ, ಲೆಕ್ಕ ಕ್ಲಾಸಲ್ಲಿ ಅನ್ನೋ ಫ್ಲಿಪ್ಡ್ ಪದ್ಧತಿ ನಮ್ಮಲ್ಲಿ ಆಗುತ್ತಾ? ಅರ್ಧ ಮಕ್ಕಳಿಗೆ ಸ್ವಂತ ಫೋನ್ ಇಲ್ಲ.

ಹೊಸದುರ್ಗ ಟೀಚರ್: ವಯಸ್ಕರಿಗೆ, ದೊಡ್ಡ ಹುಡುಗರಿಗೆ ನಲಿ-ಕಲಿ ಕಾರ್ಡ್ ಬಳಸಬಹುದಾ?

ಮೇಷ್ಟ್ರು: ಅವು ಚಿಕ್ಕ ತರಗತಿಗೆ ಮಾಡಿದ್ದು. ಹದಿನೈದರ ಹುಡುಗನ ಕೈಗೆ ಮೊಲದ ಚಿತ್ರ ಕೊಟ್ಟರೆ ನಾಳೆ ಬರಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಅವರವರ ವೇಗಕ್ಕೆ ಅನ್ನೋ ತತ್ವ ಇಟ್ಟುಕೊಳ್ಳಿ. ಓದೋಕೆ ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ಕೂಲಿ ಚೀಟಿ ಕೊಡಿ.

ಚಳ್ಳಕೆರೆ ಮಿತ್ರ: (ಫಾರ್ವರ್ಡ್) ಮಿಡ್‌ಬ್ರೈನ್ ಆಕ್ಟಿವೇಶನ್! ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವ ಮಕ್ಕಳು! ಎರಡೇ ದಿನದ ಶಿಬಿರ

ಮೇಷ್ಟ್ರು: ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದೋದು ಅದು. ಮಕ್ಕಳಿಗೆ ಸುಳ್ಳು ಹೇಳೋದನ್ನ ದುಡ್ಡು ಕೊಟ್ಟು ಕಲಿಸಬೇಡಿ. ಇಂಥದ್ದು ಇನ್ನೊಂದು ಬಂದರೆ ನಾನು ಹೊರಡ್ತೀನಿ.

ಚಳ್ಳಕೆರೆ ಮಿತ್ರ: ಬಂದಿದ್ದನ್ನ ಕಳಿಸಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ಸಂಜೆ ತರಗತಿ ಅಕ್ಕ, ದಾವಣಗೆರೆ: ಸರ್, ಕೇಳಿದೆ. ಬೆಳಗಿನ ಜಾವ ಮೂರೂವರೆಗೆ ಹೋಗ್ತಾನಂತೆ, ಹನ್ನೊಂದಕ್ಕೆ ಬರ್ತಾನೆ.

ಮೇಷ್ಟ್ರು: ಹಾಗಾದರೆ ಯಾವ ಮಾದರಿಯೂ ಕೆಲಸ ಮಾಡಲ್ಲ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಹರೆಯದಲ್ಲಿ ನಿದ್ದೆ ಬರೋದೂ ತಡ. 14ರಿಂದ 18ರವರನ್ನ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸೋ ಹಾಗೇ ಇಲ್ಲ, ದಿನಕ್ಕೆ ಆರು ಗಂಟೆ ಮೀರೋ ಹಾಗಿಲ್ಲ. ಮೊದಲು ತಾಯಿ ಹತ್ರ ಒಬ್ಬರೇ ಕೂತು ಮಾತಾಡಿ, ಮನೆಗೆ ಅವನ ಕೂಲಿ ಎಷ್ಟು ಬೇಕಾಗಿದೆ ಅಂತ ತಿಳ್ಕೊಳ್ಳಿ. ಮಾಲೀಕ ಹೊತ್ತು ಬದಲಿಸದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅಲ್ಲಿವರೆಗೆ ಅವನ ಪಾಠ ಸಂಜೆ ಬೇಡ. ಮಧ್ಯಾಹ್ನ ಮಲಗಿ ಎದ್ದ ಮೇಲೆ ನಾಲ್ಕಕ್ಕೆ, ಮುಕ್ಕಾಲು ಗಂಟೆ ಸಾಕು. ಅಮ್ಮನ ಕ್ಲಾಸು ಸಂಜೆಗೇ ಇರಲಿ. ಬುಧವಾರ ನನಗೆ ಫೋನ್ ಮಾಡಿ.

ಹೊಳಲ್ಕೆರೆ ನಿವೃತ್ತ ಶಿಕ್ಷಕ: ದುಡಿದು ಓದಿದವರು ನಾವೂ ಇದೀವಿ.

ಅಡ್ಮಿನ್: ಕಾಮೆಂಟ್ ಐದು ನಿಮಿಷದಲ್ಲಿ ಬಂದ್ ಮಾಡ್ತೀನಿ.

ಹಿರಿಯೂರು ಕೋಚಿಂಗ್: ಸರ್, ನನ್ನ ಫ್ಲಿಪ್ಡ್ ಪ್ರಶ್ನೆ?

ಮೊಳಕಾಲ್ಮೂರು ಪಾಲಕ: ಸರ್, ಈ ಡಿಎಂಐಟಿ ಅಂದ್ರೆ ಏನು?