ಬಾತುಕೋಳಿ ವೈರಸ್: ಚಿಪ್ಪು, ಪೊರೆ, ಕವಚ – ಯಾವುದು ಯಾವುದಕ್ಕೆ?

ಗೆಳೆಯರೇ, ನಮಸ್ಕಾರ.

ಸಾಕು ಬಾತುಗಳಿಗೆ ತಗಲುವ ವೈರಸ್‌ಗಳ ರಚನೆಯ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಬಾತು ಸಾಕುವವರು, ಪಶುವೈದ್ಯ ಓದುತ್ತಿರುವವರು ಇದರ ಓದುಗರು. ಬರೆಯುತ್ತಾ ಕೆಲವು ಪದಗಳ ಹತ್ತಿರ ಪೆನ್ನು ನಿಂತುಬಿಟ್ಟಿದೆ. ವೈರಸ್ಸೋ, ವೈರಾಣುವೋ, ವಿಷಾಣುವೋ ಎಂಬ ಹಳೇ ಜಗಳ ಇಲ್ಲಿ ಬೇಡ. ವೈರಸ್ ಅಂತಲೇ ಇಟ್ಟುಕೊಂಡಿದ್ದೇನೆ.

ನನ್ನ ತಕರಾರು ‘ಕವಚ’ದ ಮೇಲೆ. ಕ್ಯಾಪ್ಸಿಡ್‌ಗೂ ಕವಚ, ಎನ್ವಲಪ್‌ಗೂ ಕವಚ ಅಂತ ಬರೆಯುವುದು ಕಾಣಸಿಗುತ್ತದೆ. ಕೆಲವರು ಎರಡಕ್ಕೂ ಹೊದಿಕೆ ಅನ್ನುತ್ತಾರೆ. ವೈರಸ್ಸಿನ ಸುತ್ತ ಏನೋ ಒಂದಿದೆ ಅಂದರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಎರಡೂ ಬೇರೆ ವಸ್ತು. ಬಂದ ದಾರಿಯೂ ಬೇರೆ.

ಕ್ಯಾಪ್ಸಿಡ್ ಪೂರ್ತಿ ಪ್ರೋಟೀನ್. ವೈರಸ್ ತನ್ನ ಜೀನ್‌ಗಳ ಪ್ರಕಾರ ಮಾಡಿಸಿಕೊಂಡದ್ದು. ಒಂದೇ ಅಚ್ಚಿನ ತುಂಡುಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಡಬ್ಬಿಯಾಗುತ್ತವೆ. ಅದರೊಳಗೆ ಡಿಎನ್‌ಎ ಅಥವಾ ಆರ್‌ಎನ್‌ಎ ಇರುತ್ತದೆ. 1959ರಲ್ಲಿ ಆಂದ್ರೆ ಲ್ವೋಫ್ ಮತ್ತು ಜೊತೆಗಾರರು ಈ ಹೆಸರಿಟ್ಟಿದ್ದೂ ಡಬ್ಬಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ. ಎನ್ವಲಪ್ ಹಾಗಲ್ಲ. ಅದು ಕೊಬ್ಬಿನ ಪದರ. ಅದನ್ನು ವೈರಸ್ ತಾನಾಗಿ ಮಾಡಿಕೊಳ್ಳುವುದೇ ಇಲ್ಲ. ಬಾತಿನ ಜೀವಕೋಶದ ಹೊರಪೊರೆಯನ್ನೋ ಒಳಗಿನ ಪೊರೆಯನ್ನೋ ಒಂದಿಷ್ಟು ಎಳೆದು ಸುತ್ತಿಕೊಳ್ಳುತ್ತದೆ, ಅದರಲ್ಲಿ ತನ್ನ ಪ್ರೋಟೀನ್‌ಗಳನ್ನು ನೆಟ್ಟಿರುತ್ತದೆ. ಕದ್ದ ಮಾಲು ಅಂದರೂ ನಡೆಯುತ್ತದೆ.

ಪದ ಒಂದೇ ಆದರೆ ಏನಾಗುತ್ತದೆ ನೋಡಿ. ‘ಸಾಬೂನು ವೈರಸ್ಸಿನ ಕವಚವನ್ನು ಒಡೆಯುತ್ತದೆ’ ಅಂತ ಒಂದು ವಾಕ್ಯ ಬರೆದೆವು ಅಂದುಕೊಳ್ಳಿ. ಹಕ್ಕಿಜ್ವರದ ವೈರಸ್ಸಿಗೆ ಈ ಮಾತು ಸರಿ. ಅದಕ್ಕೆ ಕೊಬ್ಬಿನ ಪದರ ಇದೆ, ಸಾಬೂನು ಅದನ್ನು ಕರಗಿಸುತ್ತದೆ. ಹೆಬ್ಬಾತಿನ ಪಾರ್ವೊವೈರಸ್ಸಿಗೆ ಇದೇ ಮಾತು ಪೂರಾ ಸುಳ್ಳು. ಅದಕ್ಕೆ ಎನ್ವಲಪ್ಪೇ ಇಲ್ಲ. ಇರುವುದು ಬರೀ ಕ್ಯಾಪ್ಸಿಡ್, ಅದು ಸಾಬೂನಿಗೆ ಜಗ್ಗುವುದಿಲ್ಲ. ಈಥರ್, ಕ್ಲೋರೋಫಾರ್ಮ್‌ಗೂ ಜಗ್ಗುವುದಿಲ್ಲ. ಮರಿಗಳಿರುವ ಮನೆಯನ್ನು ಸಾಬೂನು ನೀರಲ್ಲಿ ತೊಳೆದು ‘ಕವಚ ಒಡೆದಾಯಿತು’ ಅಂತ ನೆಮ್ಮದಿಯಾಗಿರುವವರಿಗೆ ನಾವೇ ದಾರಿ ತಪ್ಪಿಸಿದ ಹಾಗೆ. ಈ ರೋಗಕ್ಕೆ ಬಲಿಯಾಗುವುದು ಹೆಚ್ಚಾಗಿ ತಿಂಗಳು ತುಂಬದ ಮರಿಗಳು.

ಇನ್ನೊಂದು ಜೋಡಿ ಇದಕ್ಕಿಂತ ತಮಾಷೆ. ಬಾತುಕೋಳಿ ಹೆಪಟೈಟಿಸ್ ಎ ವೈರಸ್, ಬಾತುಕೋಳಿ ಹೆಪಟೈಟಿಸ್ ಬಿ ವೈರಸ್. ಹೆಸರು ಕೇಳಿದರೆ ಅಣ್ಣತಮ್ಮಂದಿರ ಹಾಗಿವೆ. ನೆಂಟಸ್ತಿಕೆ ಏನೂ ಇಲ್ಲ. ಎ ಅನ್ನುವುದು ಆರ್‌ಎನ್‌ಎ ವೈರಸ್, ಅಗಲ ಸುಮಾರು 30 ನ್ಯಾನೊಮೀಟರ್, ಎನ್ವಲಪ್ ಇಲ್ಲ, ಎಳೇ ಮರಿಗಳನ್ನು ಬೇಗನೆ ಕೊಲ್ಲುತ್ತದೆ. ಬಿ ಅನ್ನುವುದು ಡಿಎನ್‌ಎ ವೈರಸ್. 240 ಪ್ರೋಟೀನ್ ತುಂಡುಗಳ ಕ್ಯಾಪ್ಸಿಡ್, ಅದರ ಮೇಲೆ ಎನ್ವಲಪ್. ಬಾತಿಗೆ ಅದರಿಂದ ಸಾಮಾನ್ಯವಾಗಿ ಅಂಥ ಕಾಯಿಲೆಯೇನೂ ಆಗುವುದಿಲ್ಲ. ಆದರೂ ವಿಜ್ಞಾನಿಗಳಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ಮನುಷ್ಯರ ಹೆಪಟೈಟಿಸ್ ಬಿ ವೈರಸ್ ತನ್ನ ಪ್ರತಿಯನ್ನು ಹೇಗೆ ಮಾಡಿಕೊಳ್ಳುತ್ತದೆ ಎಂಬುದು ತಿಳಿದದ್ದು 1982ರಲ್ಲಿ ಈ ಬಾತಿನ ವೈರಸ್ಸಿನ ಮೇಲೆ ನಡೆದ ಕೆಲಸದಿಂದ. ಎರಡಕ್ಕೂ ‘ಕವಚವಿದೆ’ ಅಂತ ಬರೆದರೆ ಇಷ್ಟೂ ಕಥೆ ಕಲಸಿಹೋಗುತ್ತದೆ.

ಹಾಗಾಗಿ ನನ್ನ ಒಲವು ಹೀಗಿದೆ: ಎನ್ವಲಪ್‌ಗೆ ‘ಪೊರೆ’, ಕ್ಯಾಪ್ಸಿಡ್‌ಗೆ ‘ಚಿಪ್ಪು’. ಪೊರೆಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಹಾವಿನ ಪೊರೆ, ಕಣ್ಣಿನ ಪೊರೆ ಎಲ್ಲರಿಗೂ ಗೊತ್ತು. ಪಾಠಪುಸ್ತಕದಲ್ಲಿ ಕೋಶಪೊರೆ ಮೊದಲೇ ಇದೆ. ವೈರಸ್ ಎತ್ತಿಕೊಂಡು ಹೋಗುವುದು ಕೋಶದ ಪೊರೆಯನ್ನೇ ಆದ್ದರಿಂದ ಹೆಸರೂ ಅದೇ ಇರಲಿ. ಅದು ಎಲ್ಲಿಂದ ಬಂತು ಅಂತ ಬೇರೆ ವಿವರಿಸುವ ಕೆಲಸ ತಪ್ಪುತ್ತದೆ.

ಚಿಪ್ಪಿನದ್ದೇ ಗೊಂದಲ. ಗಟ್ಟಿ, ಒಳಗೆ ಪೊಳ್ಳು, ಏನನ್ನೋ ಕಾಯುತ್ತದೆ. ಇಷ್ಟು ಸರಿ. ಆದರೆ ನನ್ನ ಬರಹ ಬಾತುಗಳದ್ದು, ಬಾತು ಮೊಟ್ಟೆ ಇಡುತ್ತದೆ! 2010ರಲ್ಲಿ ಚೀನಾದ ಸಾಕಣೆ ಬಾತುಗಳಲ್ಲಿ ಕಾಣಿಸಿಕೊಂಡ ಟೆಂಬುಸು ವೈರಸ್ಸಿನ ಮುಖ್ಯ ಲಕ್ಷಣವೇ ಮೊಟ್ಟೆ ಇಳುವರಿ ಕುಸಿಯುವುದು. ಆ ಪುಟದಲ್ಲಿ ‘ಚಿಪ್ಪು’ ಅಂದರೆ ಓದುಗರು ಮೊಟ್ಟೆಯ ಚಿಪ್ಪು ಅಂತಲೇ ತಿಳಿಯುತ್ತಾರೆ. ‘ಓಡು’ ಅಂದರೂ ಅದೇ ಗತಿ. ಪೊರೆಯಿಲ್ಲದ ವೈರಸ್ಸಿಗೆ ‘ಬರಿಚಿಪ್ಪಿನ ವೈರಸ್’ ಅನ್ನೋಣ ಅಂದುಕೊಂಡೆ. ಅಲ್ಲೂ ತೊಡಕು. ಒಳಗೆ ಜೀನ್ ತುಂಬಿಕೊಳ್ಳದ ಖಾಲಿ ಕ್ಯಾಪ್ಸಿಡ್‌ಗಳು ನಿಜವಾಗಿಯೂ ಆಗುತ್ತವೆ, ‘ಬರಿಚಿಪ್ಪು’ ಅವುಗಳಿಗೇ ಚೆನ್ನಾಗಿ ಒಪ್ಪುತ್ತದೆ. ಕೈಗೆ ಚಿಪ್ಪು ಕೊಟ್ಟರು ಅನ್ನುವ ಮಾತು ಬೇರೆ ನೆನಪಾಗಿ ನಗು ಬರುತ್ತದೆ, ಅದಿರಲಿ.

ಎರಡನೆಯದು, ಐಕೊಸಾಹೆಡ್ರನ್, ಅಂದರೆ ಹಲವು ಕ್ಯಾಪ್ಸಿಡ್‌ಗಳಿಗಿರುವ ಇಪ್ಪತ್ತು ಮುಖಗಳ ಆಕಾರ. ‘ವಿಂಶತಿಮುಖಿ’ ಅಂದರೆ ವಿಂಶತಿ ಅಂದರೆ ಎಷ್ಟು ಅಂತ ಮೊದಲು ಹೇಳಬೇಕು. ‘ಇಪ್ಪತ್ತುಮುಖಿ’ ಸಲೀಸು. ಇದಕ್ಕೆ ಹೆಚ್ಚು ಚರ್ಚೆ ಬೇಕಿಲ್ಲ ಅನ್ನಿಸುತ್ತದೆ. ಒಂದೇ ಅಳುಕು: ಮುಖ ಅಂದಾಗ ಚಪ್ಪಟೆ ಹಲಗೆ ಕಣ್ಣಿಗೆ ಬರುತ್ತದೆ. ಪಾರ್ವೊವೈರಸ್ ಚಪ್ಪಟೆಯೇನಲ್ಲ. ಸುಮಾರು 25 ನ್ಯಾನೊಮೀಟರ್ ಅಗಲದ ಆ ಚಿಪ್ಪಿನಲ್ಲಿ 60 ಪ್ರೋಟೀನ್ ತುಂಡುಗಳಿವೆ. ಐದೈದು ತುಂಡು ಕೂಡುವ 12 ಮೂಲೆಗಳಲ್ಲಿ ಒಂದೊಂದು ಸಣ್ಣ ಕೊಳವೆ, ಅದರ ಸುತ್ತ ಕೊರಕಲು. ಮೂರು ತುಂಡು ಸೇರುವ ಕಡೆ ಉಬ್ಬು. ಎರಡು ಸೇರುವ ಕಡೆ ಕುಳಿ. ಕೋಶದೊಳಗೆ ಹೋದಮೇಲೆ, ಕಡಿಮೆ ಸಂಖ್ಯೆಯಲ್ಲಿರುವ ವಿಪಿ1 ಪ್ರೋಟೀನಿನ ತುದಿ ಆ ಕೊಳವೆಯಿಂದಲೇ ಹೊರಗೆ ಚಾಚಿ ದಾರಿ ಕೊರೆಯುತ್ತದೆ. ಆ ತುದಿಯಲ್ಲಿ ಕೊಬ್ಬು ಕತ್ತರಿಸುವ ಕಿಣ್ವ ಇದೆ.

ಮೂರನೆಯದು ‘ಮುಳ್ಳು’. ಕೊರೋನಾ ಕಾಲದಿಂದ ಸ್ಪೈಕ್ ಪ್ರೋಟೀನಿಗೆ ಮುಳ್ಳು ಅನ್ನುವುದು ಸುಮ್ನೆ ರೂಢಿಯಾಗಿಬಿಟ್ಟಿದೆ. ಹಕ್ಕಿಜ್ವರದ ವೈರಸ್ಸಿಗೆ ಅರ್ಧ ಒಪ್ಪುತ್ತದೆ. ಅದರ ಪೊರೆಯ ಮೇಲೆ ಎರಡು ಬಗೆ ಇವೆ. ಹೀಮಗ್ಲುಟಿನಿನ್ ಮೂರು ತುಂಡು ಕೂಡಿದ ಗೂಟ, ನ್ಯೂರಮಿನಿಡೇಸ್ ನಾಲ್ಕು ತುಂಡಿನದ್ದು, ನೋಡಲು ಅಣಬೆ. ಅಣಬೆಗೆ ಮುಳ್ಳು ಅನ್ನುವುದು ಹೇಗೆ? ಎಚ್5ಎನ್1 ಅನ್ನುವಲ್ಲಿನ ಎಚ್ ಮತ್ತು ಎನ್ ಇವೇ ಎರಡು.

ಟೆಂಬುಸು ಬಂದಾಗ ಮುಳ್ಳು ಪೂರ್ತಿ ಕೈಕೊಡುತ್ತದೆ. ಅದು ಕೋಶದೊಳಗೆ ಬಲಿಯುವ ಮೊದಲು 60 ಮೊನೆಗಳ ಒರಟು ಉಂಡೆ. ಹೊರಗೆ ಬರುವ ಹಾದಿಯಲ್ಲಿ ಆಮ್ಲದ ವಾತಾವರಣ ಸಿಕ್ಕಾಗ ಮೊನೆಗಳೆಲ್ಲ ಮಲಗಿಬಿಡುತ್ತವೆ. ಆಗ ಬಾತಿನದೇ ಒಂದು ಕಿಣ್ವ ಅದರ ಪ್ರೋಟೀನೊಂದನ್ನು ಕತ್ತರಿಸುತ್ತದೆ. ಆ ಮೊನೆಗಳಲ್ಲಿದ್ದ 180 ಇ-ಪ್ರೋಟೀನ್‌ಗಳು ಎರಡೆರಡಾಗಿ ಪೊರೆಯ ಮೇಲೆ ಅಡ್ಡ ಮಲಗಿ ಅದನ್ನು ಪೂರ್ತಿ ಮುಚ್ಚುತ್ತವೆ. ಸೋಂಕು ಹಚ್ಚುವ ವೈರಸ್ ಈ ನುಣುಪಾದದ್ದೇ. ಇನ್ನೂ ಒಂದು ವಿಚಿತ್ರ: ಇಲ್ಲಿ ಇಪ್ಪತ್ತುಮುಖಿ ಅಚ್ಚುಕಟ್ಟು ಇರುವುದು ಪೊರೆಯ ಮೇಲಿನ ಪ್ರೋಟೀನ್‌ಗಳಲ್ಲಿ. ಒಳಗಿನ ಕ್ಯಾಪ್ಸಿಡ್ ಪ್ರೋಟೀನ್‌ಗಳಿಗೆ ಅಂಥ ಶಿಸ್ತಿಲ್ಲ, ಆರ್‌ಎನ್‌ಎ ಜೊತೆ ಮುದ್ದೆಯಾಗಿರುತ್ತವೆ. ಅಂದರೆ ‘ಚಿಪ್ಪು’ ಕೂಡ ಇಲ್ಲಿ ಒಪ್ಪುವುದಿಲ್ಲ. ಸ್ಪೈಕ್‌ಗೆ ‘ಮೊನೆ’ ಅಂತಲೂ, ಮಲಗಿರುವುದಕ್ಕೆ ಸುಮ್ಮನೆ ‘ಪೊರೆಪ್ರೋಟೀನ್’ ಅಂತಲೂ ಬರೆಯಬಹುದೇ?

ಕೊನೆಯದು ನನಗೆ ಏನೂ ಹೊಳೆಯದ ಪದ: ಟೆಗ್ಯುಮೆಂಟ್. ಬಾತುಕೋಳಿ ಪ್ಲೇಗ್ ಅಂತ ಕರೆಯುವ ರೋಗ ಪ್ಲೇಗ್ ಅಲ್ಲ, ಹರ್ಪಿಸ್ ಕುಟುಂಬದ ವೈರಸ್ಸಿನದು. ಆ ಕುಟುಂಬದ ವೈರಸ್‌ಗಳಲ್ಲಿ ಚಿಪ್ಪೂ ಇದೆ, ಪೊರೆಯೂ ಇದೆ, ನಡುವೆ ಹತ್ತಾರು ಬಗೆಯ ಪ್ರೋಟೀನ್ ತುಂಬಿದ ಒಂದು ಪದರವೂ ಇದೆ. ಕೋಶ ಹೊಕ್ಕ ಕೂಡಲೇ ಕೆಲಸ ಶುರುಮಾಡಲು ತಂದುಕೊಂಡ ಸಾಮಾನು ಅದರಲ್ಲಿರುತ್ತದೆ. ‘ನಡುಪದರ’ ಅಂತ ಬರೆದಿಟ್ಟಿದ್ದೇನೆ, ತೃಪ್ತಿಯಿಲ್ಲ. ಪದರ ಅಂದರೆ ತೆಳು ಹಾಳೆ ಅನ್ನಿಸುತ್ತದೆ, ಇದು ತುಂಬಿದ ಜಾಗ.

ನೀವು ತರಗತಿಯಲ್ಲಿ, ಬರಹದಲ್ಲಿ ಇವಕ್ಕೆ ಏನು ಬಳಸುತ್ತೀರಿ ತಿಳಿಸಿ. ನಿಘಂಟಿನ ಪದಕ್ಕಿಂತ ಬಾಯಲ್ಲಿ ಆಡುವ ಪದ ಬೇಕು. ಮೊಟ್ಟೆಯ ಚಿಪ್ಪಿನ ತೊಡಕಿಗೆ ಯಾರಿಗೂ ದಾರಿ ಕಾಣದಿದ್ದರೆ ಕ್ಯಾಪ್ಸಿಡ್ ಅನ್ನು ಕ್ಯಾಪ್ಸಿಡ್ ಅಂತಲೇ ಬಿಡುತ್ತೇನೆ. ಪೊರೆಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ.